ಪದ್ಯ ಯಾರದು, ಕಲ್ಲು ಯಾರದು? ಸ್ಮಾರಕ ಶಿಲ್ಪದ ಮೇಲೆ ಕವನ ಬರೆಯುವವರಿಗೆ ಯಡಿಯೂರು ಸೀಮೆಯಿಂದ ಒಂದು ಮಾತು

ಈಚೆಗೆ ಮೊಬೈಲುಗಳಲ್ಲಿ ಒಂದು ಬಗೆಯ ಕಲೆ ಚೆನ್ನಾಗಿ ಓಡಾಡ್ತಿದೆ. ಊರಾಚೆಯ ವೀರಗಲ್ಲೋ, ಮಾಸ್ತಿಗಲ್ಲೋ, ಸಮಾಧಿಯ ಮೇಲಿನ ಕೆತ್ತನೆಯೋ ಒಂದರ ಫೋಟೊ. ಅದನ್ನು ಸ್ವಲ್ಪ ಕಪ್ಪಾಗಿಸಿ, ಮೇಲೆ ನಾಲ್ಕು ಸಾಲಿನ ಹೊಸಗನ್ನಡ ಕವನ. ಕೆಲವೊಮ್ಮೆ ಹಿಂದೆ ಕೊಳಲಿನ ದನಿ. ಚೆನ್ನಾಗಿ ಮಾಡಿದಾಗ ಇದು ನಿಜಕ್ಕೂ ಮನಸ್ಸಿಗೆ ತಟ್ಟುತ್ತದೆ. ಶಾಸನ, ಶಿಲ್ಪ ಅಂದ್ರೆ ಆಕಳಿಸುತ್ತಿದ್ದ ಹುಡುಗರೂ ಇಂಥ ಚಿತ್ರ ನೋಡಿ ‘ಇದು ಎಲ್ಲಿದೆ?’ ಅಂತ ಕೇಳ್ತಾರೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಕೆಲಸವೇ.

ಆದರೆ ಶಾಸನ ಓದುವವರಿಗೆ ಅಲ್ಲೊಂದು ಪ್ರಶ್ನೆ ಏಳುತ್ತದೆ. ಆ ಕಲ್ಲಿನ ಮೇಲೆ ಮೊದಲೇ ಬರಹ ಇದ್ದರೆ? ಆ ಬರಹವೇ ಪದ್ಯವಾಗಿದ್ದರೆ? ಸತ್ತವರಿಗಾಗಿ ಪದ್ಯವನ್ನೂ ಶಿಲ್ಪವನ್ನೂ ಜೋಡಿಸುವ ಕಲೆ ಕನ್ನಡನಾಡಿಗೆ ಹೊಸದಲ್ಲ, ಅದಕ್ಕೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸಿದೆ. ಹೊಸ ಕವನ ಹಾಕುವ ಭರದಲ್ಲಿ ಹಳೆಯ ಬರಹವನ್ನು ಕತ್ತರಿಸಿಬಿಟ್ಟರೆ ಕಳೆದುಹೋಗುವುದು ಸತ್ತವರ ಹೆಸರು. ಆ ಹೆಸರು ಉಳಿಯಲಿ ಅಂತಲೇ ಕಲ್ಲು ನಿಲ್ಲಿಸಿದ್ದು. ಈ ಮಾತನ್ನು ತುಮಕೂರು ಸೀಮೆಯ ಯಡಿಯೂರಿನಿಂದ ಶುರುಮಾಡಿ, ಅದರ ಸುತ್ತಲಿನ ದಾರಿಗಳಲ್ಲಿ ಸಿಗುವ ಕಲ್ಲುಗಳನ್ನು ಇಟ್ಟುಕೊಂಡು ನೋಡೋಣ.

ಯಡಿಯೂರು: ಮುಖವಿಲ್ಲದ ಸಮಾಧಿ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿದ ಮೇಲೆ ಯಡಿಯೂರು. ಅಲ್ಲಿರುವುದು ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ. 15–16ನೇ ಶತಮಾನದ ಈ ಯತಿ ಹತ್ತಿರದ ಕಗ್ಗೆರೆಯಲ್ಲಿ ನಾಗಿನಿ ಹೊಳೆಯ ಬದಿಯ ತೋಟವೊಂದರಲ್ಲಿ ತಪಸ್ಸಿಗೆ ಕೂತಿದ್ದರು, ಅದಕ್ಕೇ ‘ತೋಂಟದ’ ಎಂಬ ಹೆಸರು ಬಂತು ಎನ್ನುತ್ತದೆ ಸಂಪ್ರದಾಯ. ಕಡೆಗೆ ಅವರು ಲಿಂಗೈಕ್ಯರಾದದ್ದು ಯಡಿಯೂರಿನಲ್ಲಿ.

ಗದ್ದುಗೆ ಅಂದರೆ ಆಸನ. ವೀರಶೈವ ಸಂಪ್ರದಾಯದಲ್ಲಿ ದೇಹವನ್ನು ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಸಮಾಧಿ ಮಾಡುತ್ತಾರೆ. ‘ಸತ್ತರು’ ಅನ್ನುವುದಿಲ್ಲ, ‘ಲಿಂಗೈಕ್ಯರಾದರು’ ಅನ್ನುತ್ತಾರೆ. ಹಾಗಾಗಿ ಸಾವಿನ ದೃಶ್ಯವನ್ನು ಕೆತ್ತುವ ಅಗತ್ಯ ಇಲ್ಲಿ ಬರುವುದಿಲ್ಲ. ಸ್ವರ್ಗಕ್ಕೆ ಹೊತ್ತೊಯ್ಯುವ ಅಪ್ಸರೆಯರೂ ಬೇಕಾಗಿಲ್ಲ. ಭಕ್ತರು ಅಲ್ಲಿಗೆ ಹೋಗುವುದು ಸ್ಮಾರಕ ನೋಡಲಿಕ್ಕಲ್ಲ, ಈಗಲೂ ಅಲ್ಲೇ ಕೂತಿದ್ದಾರೆ ಎಂಬ ನಂಬಿಕೆಯಿಂದ ಕೈಮುಗಿಯಲಿಕ್ಕೆ.

ಹಾಗಾದರೆ ಈ ಸಮಾಧಿಯ ಪದ್ಯ ಎಲ್ಲಿದೆ? ಕಲ್ಲಿನ ಹೊರಗಿದೆ. ಸಿದ್ಧಲಿಂಗ ಯತಿಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ 701 ವಚನಗಳಿವೆ, ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’ ಎಂಬ ಅಂಕಿತದಲ್ಲಿ. ಅವರ ಚರಿತ್ರೆಯನ್ನು ವಿರಕ್ತ ತೋಂಟದಾರ್ಯ ‘ಸಿದ್ಧೇಶ್ವರ ಪುರಾಣ’ವಾಗಿ ಬರೆದ. ಅಂದರೆ ಇಲ್ಲಿ ದೇಹ ಒಂದು ಕಡೆ, ಮಾತು ಇನ್ನೊಂದು ಕಡೆ. ಮಾತು ಓಲೆಗರಿಗಳಲ್ಲಿ, ಮಠಗಳಲ್ಲಿ, ಜನರ ಬಾಯಲ್ಲಿ ಊರೂರು ಸುತ್ತಿತು. ಯಡಿಯೂರಿನ ಬಗ್ಗೆ ಕವನಚಿತ್ರ ಮಾಡುವವರಿಗೆ ಇದು ಮುಖ್ಯ: ಈ ಗದ್ದುಗೆಗೆ ಮಾತಿಲ್ಲ ಅಂದುಕೊಂಡು ಯಾವುದೋ ಸಾಲು ತಂದು ಹೊದಿಸಬೇಕಾಗಿಲ್ಲ. ಅವರದೇ ಮಾತು 701 ಇವೆ.

ಸಮಾಧಿಗೆ ಪದ್ಯವನ್ನೇ ಅಲಂಕಾರ ಮಾಡಿದ ಉದಾಹರಣೆಯೂ ನಮ್ಮಲ್ಲೇ ಉಂಟು. ಬೀದರಿನ ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾನ ಗೋರಿಯ ಒಳಮೈಯಲ್ಲಿ ಬಣ್ಣ ಮತ್ತು ಚಿನ್ನದ ಅಕ್ಷರಗಳಿವೆ. ಅವುಗಳಲ್ಲಿ ಸೂಫಿ ಸಂತ ಶಾ ನಿಯಾಮತುಲ್ಲಾ ಕಿರ್ಮಾನಿಯ ಪಾರಸಿ ಪದ್ಯಗಳೂ ಸೇರಿವೆ. ಮನುಷ್ಯನ ಚಿತ್ರ ಒಂದೂ ಇಲ್ಲ, ಅಕ್ಷರವೇ ಚಿತ್ರ. ಯಡಿಯೂರಲ್ಲಿ ಪದ್ಯ ಕಟ್ಟಡದಿಂದ ಹೊರಗೆ ಹೋಯಿತು, ಅಷ್ಟೂರಲ್ಲಿ ಗೋಡೆ ತುಂಬಿತು.

ಬೆಳಗೊಳದ ಬಂಡೆ: ಪದ್ಯವೇ ಸ್ಮಾರಕ

ಯಡಿಯೂರಿನಿಂದ ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಬೆಳ್ಳೂರು ಕ್ರಾಸ್, ಹಿರೀಸಾವೆ ಕಡೆಗೆ ಹೋದರೆ ಶ್ರವಣಬೆಳಗೊಳದ ದಾರಿ ಸಿಗುತ್ತದೆ. ಎಲ್ಲರೂ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುತ್ತಾರೆ. ಎದುರಿನ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಕನ್ನಡದ ಅತಿ ಹಳೆಯ ಚರಮಪದ್ಯಗಳ ಬಂಡೆ.

ಅಲ್ಲಿ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟ ಜೈನ ಮುನಿಗಳ, ಕಂತಿಯರ ಹೆಸರುಗಳನ್ನು ಬರಿಯ ಬಂಡೆಯ ಮೇಲೆ ಬರೆದಿದ್ದಾರೆ. ಹಳೆಯವುಗಳಲ್ಲಿ ಶಿಲ್ಪ ಇಲ್ಲ, ಕಂಬ ಇಲ್ಲ, ಮಂಟಪ ಇಲ್ಲ. ಸುಮಾರು 7ನೇ ಶತಮಾನದ ಕೊನೆಯ ನಂದಿಸೇನ ಮುನಿಯ ಶಾಸನ ಕನ್ನಡ ಸಾಹಿತ್ಯ ಓದಿದವರಿಗೆಲ್ಲ ಪರಿಚಿತ. ರೂಪ, ಭೋಗ, ಸಿರಿ ಇವೆಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕಂಡು ಮರೆಯಾಗುವಂಥವು, ಇದನ್ನು ನೆಚ್ಚಿ ಬದುಕಲಾರೆ ಎಂದು ಮುನಿ ಸಂನ್ಯಸನ ಕೈಗೊಂಡು ದೇವಲೋಕಕ್ಕೆ ಹೋದ ಎಂಬುದು ಅದರ ಭಾವ. ಛಂದಸ್ಸು ಮಹಾಸ್ರಗ್ಧರೆ ವೃತ್ತ. ಪಂಪನಿಗಿಂತ ಇನ್ನೂರು ವರ್ಷಕ್ಕೂ ಹಿಂದೆ, ಒಬ್ಬ ಮುನಿಯ ಸಾವಿಗೆ ಇಷ್ಟು ಬಿಗಿಯಾದ ಪದ್ಯ ಕಟ್ಟಬಲ್ಲ ಕವಿ ಇದ್ದ. ಆ ಪದ್ಯಕ್ಕೆ ಹಿನ್ನೆಲೆಯ ಚಿತ್ರವಾಗಿ ಇರುವುದು ಬೆಟ್ಟ ಮತ್ತು ಆಕಾಶ ಮಾತ್ರ.

ಕಾಲ ಕಳೆದಂತೆ ನಿಷಿಧಿಗಳಿಗೆ ಚಿತ್ರ ಸೇರಿತು. ಮೇಲೆ ಜಿನಬಿಂಬ, ಕೆಳಗೆ ವ್ಯಾಸಪೀಠದ ಮುಂದೆ ಕೂತ ಗುರು, ಎದುರಿಗೆ ಶಿಷ್ಯ ಅಥವಾ ಶಿಷ್ಯೆ. ಹೊಯ್ಸಳ ದಂಡನಾಯಕ ಗಂಗರಾಜ 12ನೇ ಶತಮಾನದಲ್ಲಿ ತನ್ನ ಹೆಂಡತಿ ಲಕ್ಷ್ಮೀಮತಿಗೆ ನಿಲ್ಲಿಸಿದ ನಿಷಿಧಿಯಂಥ ಶಾಸನಗಳಲ್ಲಿ ಸತ್ತವರ ಗುಣವನ್ನು ಪದ್ಯಗಳು ಹೊಗಳುತ್ತವೆ, ಯಾರಿಗಾಗಿ ಯಾರು ನಿಲ್ಲಿಸಿದರು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತವೆ. ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆದವನು ಮಲ್ಲಿನಾಥ, ಕೆತ್ತಿದವನು ಗಂಗಾಚಾರಿ ಎಂದೂ ದಾಖಲಿಸುತ್ತದೆ. ಬರೆದವರ ಹೆಸರನ್ನು ಒರೆಸಿ ಮುಂದಕ್ಕೆ ಕಳಿಸುವ ನಮ್ಮ ಫಾರ್ವರ್ಡ್ ಕಾಲಕ್ಕಿಂತ 12ನೇ ಶತಮಾನವೇ ವಾಸಿ ಅನ್ನಿಸೋದಿಲ್ವಾ?

ವೀರಗಲ್ಲು: ಚಿತ್ರ ಮೇಲಕ್ಕೆ, ಅಕ್ಷರ ಕೆಳಕ್ಕೆ

ನಿಷಿಧಿಯಲ್ಲಿ ಪದ್ಯ ಮುಂದು, ಚಿತ್ರ ಹಿಂದು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು.

ಮೂರು ಹಂತದ ವೀರಗಲ್ಲನ್ನು ನೀವೆಲ್ಲ ನೋಡಿರ್ತೀರಿ. ಕೆಳಗಿನ ಹಂತದಲ್ಲಿ ಕಾಳಗ, ಕೆಲವೆಡೆ ತುರುಗೋಳಿನ ದನಗಳೂ ಇರುತ್ತವೆ. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಆತ ಲಿಂಗದ ಮುಂದೆಯೋ ತನ್ನ ದೈವದ ಮುಂದೆಯೋ ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಬರಹ.

ಇಲ್ಲೊಂದು ಸ್ವಾರಸ್ಯ ಇದೆ. ಚಿತ್ರದ ಕಥೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಬರಹ ಸಾಮಾನ್ಯವಾಗಿ ಮೇಲಿನ ಪಟ್ಟಿಕೆಯಿಂದ ಕೆಳಕ್ಕೆ ಇಳಿಯುತ್ತದೆ. ಬರಹ ರಾಜನ ಹೆಸರು, ಕಾಲ, ನಾಡು ಹೇಳುತ್ತಾ ಇಳಿದು ಊರಿಗೆ, ಆಮೇಲೆ ಒಬ್ಬ ಮನುಷ್ಯನ ಹೆಸರಿಗೆ, ಅವನ ಸಾವಿಗೆ ಬಂದು ಮುಟ್ಟುತ್ತದೆ. ಚಿತ್ರ ಆ ಸಾವಿನಿಂದ ಶುರುವಾಗಿ ಕೈಲಾಸಕ್ಕೆ ಏರುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಮಾತ್ರ ಕಲ್ಲು ಪೂರ್ತಿ ಆಗುತ್ತದೆ. ಮೊಬೈಲಿನ ಚೌಕಟ್ಟಿಗೆ ಕೂರಿಸಲು ಕಾಳಗದ ಹಂತ ಮಾತ್ರ ಕತ್ತರಿಸಿಕೊಂಡಾಗ ಮೊದಲು ಹೋಗುವುದು ಪಟ್ಟಿಕೆ. ಅದರ ಜೊತೆಗೇ ಹೆಸರು.

ಚಿತ್ರ ಮತ್ತು ಬರಹ ಎಷ್ಟು ಹತ್ತಿರ ಇರಬಲ್ಲವು ಎಂಬುದಕ್ಕೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ 9ನೇ ಶತಮಾನದ ಕಲ್ಲು ನೋಡಬೇಕು. ಗಂಗ ದೊರೆ ನೀತಿಮಾರ್ಗ ಸಾಯುವ ಗಳಿಗೆಯನ್ನೇ ಅಲ್ಲಿ ಕೆತ್ತಿದ್ದಾರೆ. ದೊರೆ ಮಂಚದ ಮೇಲೆ ಒರಗಿದ್ದಾನೆ, ಅವನ ಮನೆಮಗ ಅಗರಯ್ಯ ಆತನನ್ನು ಹಿಡಿದುಕೊಂಡಿದ್ದಾನೆ, ಮಗ ಸತ್ಯವಾಕ್ಯ ಎದುರಿಗೆ ನಿಂತಿದ್ದಾನೆ. ಬರಹವನ್ನು ಮುಚ್ಚಿದರೆ ಅದು ಯಾವುದೋ ಮನೆಯ ಯಜಮಾನನ ಸಾವು. ಬರಹ ಓದಿದರೆ ಒಂದು ರಾಜ್ಯ ಕೈ ಬದಲಾಗುತ್ತಿರುವ ಗಳಿಗೆ.

ಇನ್ನೊಂದು ಕಲ್ಲು ಕುಣಿಗಲ್ಲಿಗೆ ಹತ್ತಿರದ್ದು. ಕುಣಿಗಲ್ಲಿನಿಂದ ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಇಳಿದರೆ ಆ ತಾಲ್ಲೂಕಿನಲ್ಲಿ ಆತಕೂರು. ಅಲ್ಲಿನ ಶಾಸನ ಸುಮಾರು ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲ್ಭಾಗದಲ್ಲಿ ಒಂದು ನಾಯಿ, ಒಂದು ಕಾಡುಹಂದಿ ಸೆಣಸುತ್ತಿವೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ದೊಡ್ಡ ಯುದ್ಧದ ಸಂಗತಿ ಬರಹದಲ್ಲಿದೆ. ಆ ಯುದ್ಧದಲ್ಲಿ ಹೆಸರು ಮಾಡಿದ ಮಣಲೇರ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಈ ಕಲ್ಲು, ಕಲ್ಲಿನ ಪೂಜೆಗೆ ಭೂಮಿ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಇದೆ.

ಈ ಎಚ್ಚರಿಕೆಯನ್ನು ನಗುತ್ತಾ ಓದಿ ಮುಂದೆ ಹೋಗಬಾರದು. ಸ್ಮಾರಕ ಅಂದರೆ ಪದ್ಯ, ಚಿತ್ರ ಮಾತ್ರ ಆಗಿರಲಿಲ್ಲ, ಅದರ ಜೊತೆಗೆ ದಿನದಿನದ ಹೊಣೆಯೂ ಇತ್ತು. ಯಾರೋ ಒಬ್ಬರು ಆ ಕಲ್ಲನ್ನು ನೋಡಿಕೊಳ್ಳಬೇಕಿತ್ತು, ನೋಡಿಕೊಳ್ಳುವುದಕ್ಕೆ ಅವರಿಗೆ ಹೊಲ ಇತ್ತು.

ಒಂದಾಗಿದ್ದದ್ದು ಎರಡಾಯಿತು

ಕಲ್ಲಿನ ಮೇಲೆ ಕೂಡಿದ್ದ ಬರಹ ಮತ್ತು ಚಿತ್ರ ಬೇರೆ ಬೇರೆ ಆದದ್ದು ಮೊಬೈಲಿನಿಂದ ಅಲ್ಲ, ಅದಕ್ಕೂ ಹಿಂದೆ.

1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಸೀಮೆಯ ಶಾಸನಗಳ ಫೋಟೊ ತೆಗೆದ, ಸುಮಾರು 150. ಅವುಗಳನ್ನು ಓದಿ ಅನುವಾದಿಸುವ ಕೆಲಸ ಬಿ. ಎಲ್. ರೈಸ್ ಪಾಲಿಗೆ ಬಂತು. ಅದರ ಫಲವೇ 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’. ನಮ್ಮ ಸೀಮೆಯ ಶಾಸನಶಾಸ್ತ್ರದ ಮೊದಲ ದೊಡ್ಡ ಹೆಜ್ಜೆಯೇ ಫೋಟೊದಿಂದ ಇಟ್ಟದ್ದು ಅನ್ನೋದನ್ನು ನೆನಪಿಡಬೇಕು. ಆಮೇಲೆ ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ತುಮಕೂರು ಜಿಲ್ಲೆಯದು 12ನೆಯದು, 1904ರಲ್ಲಿ ಬಂತು. ಕುಣಿಗಲ್, ಗುಬ್ಬಿ ತಾಲ್ಲೂಕುಗಳ ಕಲ್ಲುಗಳನ್ನು ಹುಡುಕುವವರು ಇವತ್ತಿಗೂ ಮೊದಲು ತೆರೆಯುವುದು ಅದನ್ನೇ.

ಆ ಸಂಪುಟಗಳ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆ. ಆದರೂ ಅವುಗಳ ಅಚ್ಚಿನ ವಿನ್ಯಾಸ ನೋಡಿ. ಒಂದೆಡೆ ರೋಮನ್ ಲಿಪಿಯ ಪಾಠ, ಒಂದೆಡೆ ಇಂಗ್ಲಿಷ್ ಅನುವಾದ, ಇನ್ನೊಂದೆಡೆ ಕನ್ನಡ ಪಾಠ. ಚಿತ್ರಫಲಕ ಕೆಲವಕ್ಕೆ ಮಾತ್ರ. ಪಡಿಯಚ್ಚು ತೆಗೆಯುವ ವಿಧಾನವೂ ಹಾಗೆಯೇ: ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಹಾಸಿ, ಕುಂಚದಿಂದ ಬಡಿದು ಒಳಗೆ ಕೂರಿಸಿ, ಮೇಲೆ ಮಸಿ ಹಚ್ಚಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಉಬ್ಬುಶಿಲ್ಪ ಆ ಕಾಗದಕ್ಕೆ ಸರಿಯಾಗಿ ಒಗ್ಗುವುದಿಲ್ಲ. ಹೀಗಾಗಿ ಅಕ್ಷರ ಶಾಸನತಜ್ಞರ ಪಾಲಾಯಿತು, ಆಕೃತಿ ಕಲಾ ಇತಿಹಾಸಕಾರರ ಪಾಲಾಯಿತು.

ಇವೆರಡನ್ನು ಮತ್ತೆ ಕೂಡಿಸಿ ನೋಡಿದ ವಿದ್ವಾಂಸರು ನಮ್ಮಲ್ಲಿದ್ದಾರೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’, ಬೆಳಗೊಳದ ನಿಷಿಧಿಗಳನ್ನು ಆಧರಿಸಿ ಷ. ಶೆಟ್ಟರ್ ಮಾಡಿದ ಸಾವಿನ ಅಧ್ಯಯನಗಳು ಈ ದಾರಿಯವು. ಕಲ್ಲಿನ ಫೋಟೊ ಇಟ್ಟುಕೊಂಡು ಕವನ ಬರೆಯುವವರು ಇವುಗಳಲ್ಲಿ ಒಂದನ್ನಾದರೂ ತಿರುವಿ ಹಾಕಬೇಕು.

ಪರದೆಯ ಮೇಲೆ

ಪುಸ್ತಕದಲ್ಲಿ ಬೇರೆಯಾದದ್ದನ್ನು ಕೂಡಿಸುವ ಶಕ್ತಿ ಪರದೆಗೆ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸುತ್ತಿರುವ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆಯನ್ನೇ ತಗೊಳ್ಳಿ. ಪಿ. ಎಲ್. ಉದಯಕುಮಾರ್ ಮುನ್ನಡೆಸುತ್ತಿರುವ ಆ ಕೆಲಸದಲ್ಲಿ ಸ್ಕ್ಯಾನರ್ ಅಕ್ಷರ, ಆಕೃತಿ ಅಂತ ಭೇದ ಮಾಡುವುದಿಲ್ಲ. ಕಲ್ಲಿನ ಮೈಯನ್ನೆಲ್ಲ ಒಂದೇ ಆಗಿ ಅಳೆಯುತ್ತದೆ. ಆಮೇಲೆ ಬೇಕಾದ ಬದಿಯಿಂದ ಬೆಳಕು ಬಿಟ್ಟು ನೋಡಬಹುದು, ಬರಿಗಣ್ಣಿಗೆ ಕಾಣದ ಅಕ್ಷರವೂ ಎದ್ದುಬರಬಹುದು.

ಹೆಬ್ಬಾಳದ ಕಿತ್ತಯ್ಯನ ಕಲ್ಲು ಇಲ್ಲಿ ಒಳ್ಳೆಯ ಪಾಠ. ಸುಮಾರು ಕ್ರಿ.ಶ. 750ರ, ಗಂಗ ಶ್ರೀಪುರುಷನ ಕಾಲದ ಈ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಓದಿದಾಗ ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬವನ ಹೆಸರು ಸಿಕ್ಕಿತು. ಹೆಸರು ಸಿಕ್ಕಿದ ಮೇಲೆ ಜನ ಅದನ್ನು ‘ನಮ್ಮ ಕಿತ್ತಯ್ಯನ ಕಲ್ಲು’ ಅನ್ನತೊಡಗಿದರು, ಅದಕ್ಕೊಂದು ಮಂಟಪವೂ ಆಯಿತು. ಅದೇ ಕಲ್ಲಿನ ಫೋಟೊದ ಮೇಲೆ ‘ಹೆಸರಿಲ್ಲದ ಯೋಧನೇ’ ಅಂತ ಯಾರಾದರೂ ಕವನ ಬರೆದು ಹಂಚಿದರೆ ಹೇಗಿರುತ್ತದೆ? ಹೆಸರಿಗಾಗಿ ನಿಂತ ಕಲ್ಲನ್ನೇ ಅನಾಮಧೇಯ ಮಾಡಿದ ಹಾಗೆ.

ಹಾಗಂತ ಹೊಸ ಕವನಕ್ಕೆ ಜಾಗವೇ ಇಲ್ಲ ಅಂತಲ್ಲ. ಬರಹವೇ ಇಲ್ಲದ ವೀರಗಲ್ಲುಗಳು ಊರೂರಲ್ಲೂ ಇವೆ. ಅಕ್ಷರ ಪೂರ್ತಿ ಸವೆದುಹೋದವೂ ಇವೆ. ಅಂಥ ಕಲ್ಲಿನ ಮುಂದೆ ಇವತ್ತಿನ ಕವಿ ಮಾತಾಡುವುದು ನ್ಯಾಯವೇ. ಇಲ್ಲದ ಹೆಸರು, ಇಲ್ಲದ ರಾಜ, ಇಲ್ಲದ ಯುದ್ಧವನ್ನು ಅದಕ್ಕೆ ಅಂಟಿಸದಿದ್ದರೆ ಸಾಕು. ಕವನದ ಕಲ್ಪನೆಯನ್ನೇ ಎರಡು ವರ್ಷದ ನಂತರ ಯಾರೋ ಇತಿಹಾಸ ಅಂತ ಉದ್ಧರಿಸುತ್ತಾರೆ.

ದೇಕಬ್ಬೆಗೆ ಏನು ಬರೆಯಬೇಕು?

ಹೊಸ ಕವನ ನಿಜವಾಗಿ ಬೇಕಾಗುವ ಜಾಗ ಒಂದಿದೆ, ಮಾಸ್ತಿಗಲ್ಲು. ಕಂಬದಿಂದ ಚಾಚಿ ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಬಳೆ ತೊಟ್ಟ ಕೈ, ಕೆಲವೆಡೆ ಬೆರಳುಗಳ ನಡುವೆ ನಿಂಬೆಹಣ್ಣು. ಫೋಟೊಕ್ಕೆ ಬಹಳ ಚೆಂದ ಕಾಣುತ್ತದೆ. ಕವನವೂ ಸಲೀಸಾಗಿ ತ್ಯಾಗ, ಪ್ರೇಮ, ಅಮರತ್ವ ಅಂತ ಹರಿಯುತ್ತದೆ.

ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ ಓದಿದ ಮೇಲೆ ಅಷ್ಟು ಸಲೀಸಾಗುವುದಿಲ್ಲ. ಶಕ 979, ಅಂದರೆ ಕ್ರಿ.ಶ. 1057ರದು, ಚೋಳರ ಆಳ್ವಿಕೆಯ ಕಾಲ. ದೇಕಬ್ಬೆಯ ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅದಕ್ಕಾಗಿ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ಹೆತ್ತವರು, ನಂಟರು ಬೇಡವೆಂದರು, ಅವಳು ಕೇಳಲಿಲ್ಲ. ಇದನ್ನೆಲ್ಲ ಶಾಸನಕವಿ ಪದ್ಯಗಳಲ್ಲಿ ಹೇಳುತ್ತಾನೆ. ಕನ್ನಡ ಶಾಸನ ಸಾಹಿತ್ಯದ ಉತ್ತಮ ರಚನೆಗಳಲ್ಲಿ ಇದೂ ಒಂದು ಎಂಬುದರಲ್ಲಿ ಅನುಮಾನವಿಲ್ಲ. ಅವಳನ್ನು ಹೊಗಳುವುದೇ ಆ ಕವಿಯ ಉದ್ದೇಶ. ಆದರೂ ತಡೆದವರ ಮಾತನ್ನು ಅವನು ಬಿಡಲಿಲ್ಲ. ಹಾಗಾಗಿ ಒಂಬೈನೂರು ವರ್ಷಗಳ ನಂತರವೂ ‘ಬೇಡ ಮಗಳೇ’ ಅಂದವರಿದ್ದರು ಅನ್ನೋದು ನಮಗೆ ಗೊತ್ತಾಗುತ್ತದೆ.

ಚಿತ್ರ ಮಾತ್ರ ಉಳಿಸಿಕೊಂಡರೆ ಈ ಮನೆಯ ಗೋಳೆಲ್ಲ ಮಾಯ. ಉಳಿಯುವುದು ಬಳೆ ತೊಟ್ಟ ಕೈ, ಅದರ ಮೇಲೆ ನಮ್ಮ ಹೊಗಳಿಕೆ. 1987ರ ಸತಿ ತಡೆ ಕಾಯ್ದೆ ಸತಿಯ ವೈಭವೀಕರಣವನ್ನೂ ಅಪರಾಧ ಅನ್ನುತ್ತದೆ. ಕಾಯ್ದೆ ಬದಿಗಿರಲಿ, ಕವಿಧರ್ಮವೇ ಇಲ್ಲಿ ಬೇರೆ ಏನನ್ನೋ ಕೇಳುತ್ತದೆ. ಹಳೆಯ ಪದ್ಯವನ್ನು ಒಂದು ಬದಿ ಇಟ್ಟು, ಅದರ ಅರ್ಥ ಕೊಟ್ಟು, ಪಕ್ಕದಲ್ಲಿ ಇವತ್ತಿನ ಹೆಣ್ಣುಮಗಳೊಬ್ಬಳು ದೇಕಬ್ಬೆಗೆ, ಇಲ್ಲವೇ ಅವಳನ್ನು ತಡೆದ ತಾಯಿಗೆ ಬರೆದ ಕವನ ಇಡಿ. ಎರಡರ ನಡುವೆ ಕಲ್ಲು. ಇಂಥದ್ದನ್ನು ಅಚ್ಚಿನ ಸಂಪುಟ ಮಾಡಲಾರದು, ಪರದೆ ಮಾಡಬಲ್ಲದು.

ಮಾಡುವವರಿಗೆ ನಾಲ್ಕು ಮಾತು

ಮೊದಲನೆಯದು, ಕಲ್ಲನ್ನು ಇಡಿಯಾಗಿ ತೆಗೆಯಿರಿ. ಕವನಕ್ಕೆ ಬೇಕಾದ ಭಾಗವನ್ನು ಆಮೇಲೆ ಆರಿಸಿಕೊಳ್ಳಿ, ಆದರೆ ಪೂರ್ತಿ ಕಲ್ಲಿನ ಒಂದು ಫೋಟೊ ಜೊತೆಗೇ ಇರಲಿ. ಪಟ್ಟಿಕೆಗಳನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲು ಅಕ್ಷರಕ್ಕೆ ಒಳ್ಳೆಯದು. ಅದಿಲ್ಲದಿದ್ದರೆ ಬದಿಯಿಂದ ಟಾರ್ಚ್ ಹಿಡಿಯಿರಿ. ಅಕ್ಷರ ಎದ್ದು ಕಾಣಲಿ ಅಂತ ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ, ತಂತಿಬ್ರಷ್ ಹಾಕಿ ಉಜ್ಜಲೇಬೇಡಿ.

ಎರಡನೆಯದು, ಊರು, ತಾಲ್ಲೂಕು, ಕಲ್ಲು ನಿಂತಿರುವ ಜಾಗ, ಇವು ಕವನದ ಕೆಳಗೆ ಒಂದು ಸಾಲಾಗಿ ಇರಲಿ. ಪ್ರಕಟವಾದ ಶಾಸನವಾದರೆ ಅದರ ಸಂಪುಟ, ಸಂಖ್ಯೆ ಕೊಡಿ. ಸತ್ತವರ ಹೆಸರು ಗೊತ್ತಿದ್ದರೆ ಅದು ಕವಿಯ ಹೆಸರಿಗಿಂತ ಮೇಲೆ ಬರಲಿ.

ಮೂರನೆಯದು, ಪೂಜೆ ನಡೆಯುವ ಕಡೆ ಕೇಳಿಯೇ ಕ್ಯಾಮೆರಾ ತೆಗೆಯಿರಿ. ಯಡಿಯೂರಿನಂಥ ಗದ್ದುಗೆಗೆ ಮಾತ್ರ ಈ ಮಾತಲ್ಲ. ಹೊಲದ ಬದುವಿನ ವೀರಗಲ್ಲಿಗೂ ಒಂದು ಮನೆತನ ವರ್ಷಕ್ಕೊಮ್ಮೆ ಎಡೆ ಇಡುತ್ತಿರಬಹುದು. ನಮಗೆ ಕಲೆಯಾಗಿ ಕಾಣುವುದು ಅವರಿಗೆ ಹಿರಿಯರು. ಅವರನ್ನು ಮಾತಾಡಿಸಿದರೆ ಶಾಸನದಲ್ಲಿ ಇಲ್ಲದ ಸಂಗತಿಯೂ ಸಿಕ್ಕೀತು.

ನಾಲ್ಕನೆಯದು, ಬೆಳಗೊಳದ ಶಾಸನ ಮಾಡಿದ ಹಾಗೆ ಬರೆದವರು, ಫೋಟೊ ತೆಗೆದವರು, ಪಾಠ ಓದಿದವರು, ಎಲ್ಲರ ಹೆಸರೂ ಇರಲಿ.

ಆತಕೂರಿನ ಗೊರವನಿಗೆ ಕಲ್ಲು ನೋಡಿಕೊಳ್ಳಲು ಹೊಲ ಇತ್ತು. ನಮ್ಮ ಕೈಯಲ್ಲಿ ಹೊಲ ಇಲ್ಲ, ಫೋನ್ ಇದೆ. ರಸ್ತೆ ಅಗಲ ಮಾಡುವಾಗ, ಮನೆಗೆ ಪಾಯ ತೋಡುವಾಗ ದಿನಾ ಕಲ್ಲುಗಳು ಉರುಳುತ್ತಿವೆ. ಅವುಗಳಲ್ಲಿ ಕೆಲವದರ ಕಡೆಯ ಫೋಟೊ ಯಾವುದೋ ಕವನದ ಹಿನ್ನೆಲೆಯಾಗಿಯೇ ಉಳಿಯಬಹುದು. ಆ ಫೋಟೊದಲ್ಲಿ ಪಟ್ಟಿಕೆ ಕಾಣುತ್ತಿದ್ದರೆ ಮುಂದೆ ಯಾರಾದರೂ ಓದಿಯಾರು. ಕುಣಿಗಲ್, ಗುಬ್ಬಿ, ತುಮಕೂರು ಸುತ್ತ ಇರುವವರು ಈ ಭಾನುವಾರ ನಿಮ್ಮೂರ ಕಲ್ಲಿನ ಹತ್ತಿರ ಹೋಗಿ, 12ನೇ ಸಂಪುಟದಲ್ಲಿ ಅದರ ಪಾಠ ಇದೆಯಾ ಅಂತ ನೋಡಿ. ಇದ್ದರೆ ಮೊದಲು ಅದನ್ನು ಗಟ್ಟಿಯಾಗಿ ಓದಿ. ಕವನ ಆಮೇಲೆ ಬರೆಯಬಹುದು.